ಪ್ರವಾಸದ ಪುಸ್ತಕಗಳು: ಯಾವುವನ್ನು ಓದಬೇಕು, ಹೇಗೆ ಓದಬೇಕು

ದೇಶ ಸುತ್ತಬೇಕು, ಇಲ್ಲವಾದರೆ ಕೋಶ ಓದಬೇಕು ಎಂಬುದು ನಮ್ಮಲ್ಲಿ ಬಹು ಹಳೆಯ ಮಾತು. ಈ ಮಾತನ್ನು ಆಡಿದ ಹಿರಿಯರು ಜ್ಞಾನಕ್ಕೆ ಎರಡು ಬೇರೆ ಬೇರೆ ದಾರಿಗಳನ್ನು ತೋರಿಸಿದರು. ಆದರೆ ದೇಶವನ್ನು ಸುತ್ತಿ ಬಂದವನೇ ತಾನು ಕಂಡದ್ದನ್ನು ಬರೆದಿಟ್ಟನೆಂದರೆ ಆ ಎರಡು ದಾರಿಗಳೂ ಒಂದಾಗುತ್ತವೆ. ಗೃಹಕೃತ್ಯ, ಮಕ್ಕಳ ವಿದ್ಯಾಭ್ಯಾಸ, ಮನೆಯ ವೃದ್ಧರ ಆರೈಕೆ, ಹೊಲದ ಕೆಲಸ, ಉದ್ಯೋಗ ಇವುಗಳ ನಡುವೆ ಸಿಕ್ಕಿಕೊಂಡು ಊರು ಬಿಟ್ಟು ಹೊರಡಲಾರದ ಗೃಹಸ್ಥರಿಗೆ ಇಂತಹ ಪುಸ್ತಕಗಳಿಂದ ಆಗುವ ಉಪಕಾರವು ಅಲ್ಪವಾದುದಲ್ಲ.

ಈ ತಿಂಗಳು ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಿಂದ ನಮಗೆ ಬಂದ ಒಂದು ಕಾಗದವು ಕಾರಣವಾಗಿದೆ. ಬರೆದವರು ಒಬ್ಬ ಗೃಹಿಣಿ. ಹಾಸಿಗೆ ಹಿಡಿದಿರುವ ಅತ್ತೆಯವರನ್ನು ನೋಡಿಕೊಳ್ಳಬೇಕಾಗಿರುವುದರಿಂದ ತಾವು ತಿರುಪತಿಯಿಂದಾಚೆಗೆ ಯಾವ ಊರನ್ನೂ ಕಂಡವರಲ್ಲವೆಂದು ಅವರು ಹೇಳಿಕೊಂಡಿದ್ದಾರೆ. ಪಿಲ್ಲಗುಂಪೆಯ ಸುತ್ತಿನ ಹೊಲಗಳಲ್ಲಿ ಬಹುಭಾಗವು ಕೈಗಾರಿಕಾ ಪ್ರದೇಶವಾಗಿ, ಬಿಹಾರ, ಬಂಗಾಳ, ಒಡಿಶಾ, ಅಸ್ಸಾಂ ಮುಂತಾದ ಕಡೆಗಳಿಂದ ಬಂದ ಕೆಲಸಗಾರರು ಊರಿನ ಬೀದಿಗಳಲ್ಲಿಯೇ ಬಾಡಿಗೆಗೆ ಮನೆ ಹಿಡಿದಿದ್ದಾರೆಂದೂ, ಹತ್ತು ವರ್ಷದ ತಮ್ಮ ಮಗನು ಹಿಂದಿನ ಮನೆಯ ಹುಡುಗನ ಮಾತನ್ನೂ ಊಟವನ್ನೂ ಅಣಕಿಸುವುದನ್ನು ಕಲಿತಿದ್ದಾನೆಂದೂ ಬರೆದಿದ್ದಾರೆ. “ನಾನು ಬಯ್ದೆ. ಆದರೆ ಅವರ ಊರು ಎಂಥದು, ಅವರು ಏಕೆ ಹಾಗೆ ಉಣ್ಣುತ್ತಾರೆ ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಮಕ್ಕಳ ಮುಂದೆ ಓದಬಹುದಾದ ಪ್ರವಾಸದ ಪುಸ್ತಕಗಳು ಯಾವುವು?” ಎಂಬುದು ಅವರ ಪ್ರಶ್ನೆ. ಅವರ ಇಚ್ಛೆಯಂತೆ ಹೆಸರನ್ನು ಇಲ್ಲಿ ಪ್ರಕಟಿಸಿಲ್ಲ.

ಇದು ಕಾಲಹರಣಕ್ಕಾಗಿ ಕೇಳಿದ ಪ್ರಶ್ನೆಯಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹಿಂದೆ ಪರದೇಶದವರನ್ನು ಕಾಣಬೇಕಾದರೆ ನಾವು ಹೊರಡಬೇಕಾಗಿತ್ತು. ಈಗ ಅವರೇ ನಮ್ಮ ಹಿತ್ತಲಿನ ಬೇಲಿಯಾಚೆಗೆ ಬಂದು ನೆಲಸಿದ್ದಾರೆ. ಅವರನ್ನು ನಗೆಯಿಂದ ನೋಡುವುದೋ ಕುತೂಹಲದಿಂದ ನೋಡುವುದೋ ಎಂಬುದು ಮಕ್ಕಳ ನಡತೆಗೆ ಸೇರಿದ ಮಾತು. ಬಯ್ಗಳಿಂದ ಅಣಕವು ಬಾಯಲ್ಲಿ ನಿಲ್ಲಬಹುದು, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆ ಹುಟ್ಟಿದರೆ ಅದು ತಾನಾಗಿಯೇ ಹೋಗುತ್ತದೆ. ಆ ಆಸೆಯನ್ನು ಹುಟ್ಟಿಸುವ ಪುಸ್ತಕವೇ ಒಳ್ಳೆಯ ಪ್ರವಾಸಗ್ರಂಥವೆಂಬುದು ನಮ್ಮ ಅಭಿಪ್ರಾಯ.

ಪುಸ್ತಕಗಳನ್ನು ಹೆಸರಿಸುವುದಕ್ಕೆ ಮೊದಲು ಅವುಗಳನ್ನು ಒರೆಹಚ್ಚುವ ಕ್ರಮವನ್ನು ಹೇಳುವುದು ಯುಕ್ತ. ಮೊದಲನೆಯದಾಗಿ, ಪ್ರವಾಸಿಯು ಅಲ್ಲಿನ ಜನರು ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ಎಂಥ ಮನೆ ಕಟ್ಟುತ್ತಾರೆ, ಮಕ್ಕಳಿಗೆ ಏನು ಕಲಿಸುತ್ತಾರೆ ಎಂಬುದನ್ನು ಕೇಳಿ ತಿಳಿದು ಬರೆದಿದ್ದಾನೆಯೇ ಎಂದು ನೋಡಬೇಕು. ಎರಡನೆಯದಾಗಿ, ತಾನು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಬೇರೆಯಾಗಿ ತಿಳಿಸಿದ್ದಾನೆಯೇ ಎಂದು ನೋಡಬೇಕು. ಮೂರನೆಯದಾಗಿ, ತನಗೆ ಒಗ್ಗದುದನ್ನು ಕಂಡಾಗ ಕಾರಣವನ್ನು ಹುಡುಕಿದನೇ ಅಥವಾ ಹೀಯಾಳಿಸಿ ಮುಂದೆ ನಡೆದನೇ ಎಂದು ನೋಡಬೇಕು. ಹತ್ತಿದ ವಿಮಾನ, ಇಳಿದ ಹೋಟೆಲು, ಕೊಂಡ ಸಾಮಾನು ಇಷ್ಟನ್ನೇ ಹೇಳಿ ಮುಗಿಸುವ ಪುಸ್ತಕಗಳೂ ಉಂಟು. ಅಲ್ಲಿ ಎಲ್ಲವೂ ಚೆನ್ನು, ಇಲ್ಲಿ ಎಲ್ಲವೂ ಕೆಟ್ಟದ್ದು ಎಂದು ಕೊರಗುವವೂ ಉಂಟು. ಇವುಗಳಿಂದ ಹಣಕ್ಕೂ ಹೊತ್ತಿಗೂ ನಷ್ಟವೇ ಹೊರತು ಲಾಭವಿಲ್ಲ.

ಓದನ್ನು ಎಲ್ಲಿಂದ ಆರಂಭಿಸಬೇಕೆಂದರೆ, ಪರದೇಶದವರು ನಮ್ಮ ನಾಡಿಗೆ ಬಂದು ನಮ್ಮನ್ನು ನೋಡಿ ಬರೆದವುಗಳಿಂದ ಎಂದು ನಾವು ಹೇಳುತ್ತೇವೆ. ಪರರ ಕಣ್ಣಿಗೆ ನಾವೂ ವಿಚಿತ್ರವಾಗಿ ಕಂಡಿದ್ದೆವೆಂದು ತಿಳಿದ ಮಗುವಿಗೆ ಪರರು ವಿಚಿತ್ರವಾಗಿ ಕಾಣುವುದು ಕಡಮೆಯಾಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕೋ ದೇಶದ ಇಬ್ನ್ ಬತೂತನು ನಮ್ಮ ಹೊನ್ನಾವರಕ್ಕೆ ಬಂದಿದ್ದನು. ಆ ಪಟ್ಟಣದಲ್ಲಿ ಹುಡುಗಿಯರಿಗೆ ೧೩ ಪಾಠಶಾಲೆಗಳನ್ನೂ ಹುಡುಗರಿಗೆ ೨೩ ಪಾಠಶಾಲೆಗಳನ್ನೂ ಕಂಡುದಾಗಿಯೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅವನು ಹೇಳಿದ್ದಾನೆ. ಪಟ್ಟಣದ ಕೋಟೆ ಎಷ್ಟು ಎತ್ತರವೆಂಬುದನ್ನು ಅನೇಕರು ಬರೆಯಬಲ್ಲರು. ಹುಡುಗಿಯರ ಪಾಠಶಾಲೆಗಳನ್ನು ಎಣಿಸುವವನು ವಿರಳ. ಆದರೆ ಅವನ ಗ್ರಂಥವು ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳಿ ಬರೆಯಿಸಿದುದು, ೧೩೫೫ರಲ್ಲಿ ಮುಗಿದುದು ಎಂಬುದನ್ನೂ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

೧೬೨೩ರಲ್ಲಿ ಇಟಲಿ ದೇಶದ ಪಿಯೆತ್ರೊ ದೆಲ್ಲ ವಲ್ಲೆ ಎಂಬುವನು ಗೇರುಸೊಪ್ಪೆಯ ಘಟ್ಟವನ್ನು ಹತ್ತಿ ಕೆಳದಿಯ ನಾಯಕರ ಇಕ್ಕೇರಿಗೆ ಹೋದನು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಕೆಲವು ಹುಡುಗರು ನುಣ್ಣನೆಯ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿರುವುದನ್ನು ಕಂಡನು. ಅವನು ನಕ್ಕು ಮುಂದೆ ಹೋಗಲಿಲ್ಲ. ನಿಂತು, ಹೀಗೇಕೆ ಮಾಡುತ್ತೀರೆಂದು ಕೇಳಿ, ಕಾಗದದ ಖರ್ಚಿಲ್ಲದೆ ಪಾಠವು ಬಾಯಿಗೆ ಬರುವ ಆ ಕ್ರಮವನ್ನು ಮೆಚ್ಚಿ ಗೆಳೆಯನಿಗೆ ಕಾಗದ ಬರೆದನು. ಮರಳಿನ ಮೇಲೆ ತಿದ್ದಿಸುವ ಪದ್ಧತಿಯನ್ನು ನಮ್ಮ ಹಿರಿಯರಲ್ಲಿ ಹಲವರು ಬಲ್ಲರು. ಪಿಲ್ಲಗುಂಪೆಯ ಬಾಲಕನಿಗೆ ಈ ಕಥೆಯನ್ನು ಹೇಳಿದರೆ, ನಿಂತು ಕೇಳುವವನಿಗೂ ಅಣಕಿಸುವವನಿಗೂ ಇರುವ ಅಂತರವು ಉಪದೇಶವಿಲ್ಲದೆಯೇ ತಿಳಿದೀತು.

ವಿಜಯನಗರವನ್ನು ಕಂಡವರ ಬರಹಗಳಂತೂ ಕನ್ನಡಿಗರ ಮನೆಯಲ್ಲಿ ಇರತಕ್ಕವು. ೧೪೪೩ರಲ್ಲಿ ಹೆರಾತಿನ ಅರಸನ ರಾಯಭಾರಿಯಾಗಿ ಅಬ್ದುರ್ ರಜಾಕನು ಇಮ್ಮಡಿ ದೇವರಾಯನ ಕಾಲದಲ್ಲಿ ಬಂದನು. ಸುಮಾರು ೧೫೨೦ರಲ್ಲಿ ಪೋರ್ಚುಗೀಸರ ದೊಮಿಂಗೊ ಪಾಯೆಸ್ ಎಂಬುವನು ಕೃಷ್ಣದೇವರಾಯನನ್ನು ಸಮೀಪದಿಂದ ನೋಡಿದನು. ಅರಸನು ಬೆಳಕು ಹರಿಯುವ ಮೊದಲೇ ಎದ್ದು, ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆ ತಿಕ್ಕಿಸಿಕೊಂಡು, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಮು ಮಾಡಿ, ಕುಸ್ತಿಯಾಡಿ, ಕುದುರೆಯೇರುತ್ತಿದ್ದನೆಂದು ಅವನು ಬರೆದುದನ್ನು ಮಕ್ಕಳು ಆಸಕ್ತಿಯಿಂದ ಕೇಳುವುದರಲ್ಲಿ ಸಂಶಯವಿಲ್ಲ. ಪಾಯೆಸನ ಬರಹವು ಪ್ಯಾರಿಸಿನ ಗ್ರಂಥಭಂಡಾರದಲ್ಲಿ ಹಸ್ತಪ್ರತಿಯಾಗಿದ್ದು, ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, ೧೯೦೦ರಲ್ಲಿ ರಾಬರ್ಟ್ ಸಿವೆಲ್ಲನ ಗ್ರಂಥದ ಮೂಲಕ ಇಂಗ್ಲಿಷಿಗೆ ಬಂದಿತು. ಪರದೇಶದ ಪ್ರವಾಸಿಗಳ ಬರಹಗಳನ್ನು ಕನ್ನಡದಲ್ಲಿಯೇ ಓದಬೇಕೆನ್ನುವವರಿಗೆ ಎಚ್. ಎಲ್. ನಾಗೇಗೌಡರ “ಪ್ರವಾಸಿ ಕಂಡ ಇಂಡಿಯಾ” ಎಂಬ ಎಂಟು ಸಂಪುಟಗಳು ಇವೆ. ಸರಕಾರದ ದೊಡ್ಡ ಹುದ್ದೆಯ ಕೆಲಸದ ನಡುವೆಯೂ ಕನ್ನಡಕ್ಕೆ ಇಷ್ಟು ಸೇವೆ ಮಾಡಿದ ಆ ಮಹನೀಯರನ್ನು ನಾವು ಮರೆಯಲಾಗದು.

ಪಿಲ್ಲಗುಂಪೆಯವರಿಗೆ ಇನ್ನೂ ಹತ್ತಿರವಾದ ಒಂದು ಗ್ರಂಥವಿದೆ. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಬೇಸಾಯ, ಕೈಗಾರಿಕೆ, ವ್ಯಾಪಾರಗಳನ್ನು ವಿಚಾರಿಸಿ ಬರುವಂತೆ ನೇಮಿಸಿದನು. ಅವನು ೧೮೦೦ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು, ಬೆಂಗಳೂರು, ಕೋಲಾರ, ದೊಡ್ಡಬಳ್ಳಾಪುರ ಮುಂತಾದ ಕಡೆಗಳಲ್ಲಿ ಸಂಚರಿಸಿ, ಮುಂದೆ ಕನ್ನಡ ಜಿಲ್ಲೆ ಮಲೆಯಾಳಗಳನ್ನೂ ನೋಡಿದನು. ೧೮೦೭ರಲ್ಲಿ ಲಂಡನ್ನಿನಲ್ಲಿ ಅವನ ಪ್ರಯಾಣಗ್ರಂಥವು ಮೂರು ಸಂಪುಟಗಳಾಗಿ ಅಚ್ಚಾಯಿತು. ರಾಗಿಯ ಹೊಲದಲ್ಲಿ ಅವರೆ, ತೊಗರಿಗಳನ್ನು ಸಾಲಾಗಿ ಬಿತ್ತುವ ಬಗೆ, ಬೀಜದ ಅಳತೆ, ಗೊಬ್ಬರ, ನೇಗಿಲು, ನೇಕಾರರ ಬಣ್ಣಗಳು ಇವೆಲ್ಲವನ್ನೂ ಅವನು ರೈತರನ್ನೂ ಕಸಬುದಾರರನ್ನೂ ಕೇಳಿ ಕೇಳಿ ಬರೆದುಕೊಂಡನು. ಈ ಸಂಪುಟಗಳು ಇಂಗ್ಲಿಷಿನಲ್ಲಿ ಇವೆ. ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ಓದಲು ದೊರೆಯುವುದರಿಂದ ಇಂಗ್ಲಿಷ್ ಬಲ್ಲ ಮನೆಯವರೊಬ್ಬರು ಓದಿ ಉಳಿದವರಿಗೆ ಹೇಳಬಹುದು.

ಬುಕಾನನ್ನನನ್ನು ಓದುವಾಗ ಒಂದು ಎಚ್ಚರಿಕೆ ಅವಶ್ಯ. ಅವನು ಕಂಪನಿಯ ಸೇವಕ. ಯಾವ ನೆಲದಿಂದ ಎಷ್ಟು ಕಂದಾಯ ಬಂದೀತು, ಯಾವ ಸರಕಿನಿಂದ ಎಷ್ಟು ಲಾಭವಾದೀತು ಎಂಬ ದೃಷ್ಟಿಯು ಅವನನ್ನು ಬಿಡಲಿಲ್ಲ. ನಮ್ಮ ಭಾಷೆ ಅವನಿಗೆ ಬಾರದು. ದುಭಾಷಿಗಳ ಬಾಯಿಂದ ಕೇಳಿದುದೇ ಹೆಚ್ಚು. ನಮ್ಮ ಜನರ ಗುಣಶೀಲಗಳ ಮೇಲೆ ಅವನು ಕೊಡುವ ತೀರ್ಪುಗಳನ್ನು ಓದಿದಾಗ ಅಲ್ಲಲ್ಲಿ ಮನಸ್ಸು ನೋಯುತ್ತದೆ. ಆದರೆ ಆ ನೋವೂ ಒಂದು ಪಾಠವೇ. ಎರಡು ದಿನ ಬೀಡು ಬಿಟ್ಟವನು ನಮ್ಮನ್ನು ಒಂದು ವಾಕ್ಯದಲ್ಲಿ ಅಳೆದುಬಿಟ್ಟರೆ ನಮಗೆ ಹೇಗಾಗುವುದೋ, ಬಿಹಾರದವರು ಹೀಗೆ, ಅಸ್ಸಾಮಿನವರು ಹಾಗೆ ಎಂದು ನಾವು ಅಳೆದಾಗ ಅವರಿಗೂ ಹಾಗೆಯೇ ಆಗುವುದು. ಅವನ ಎಣಿಕೆಗಳನ್ನು ಆದರದಿಂದ ಸ್ವೀಕರಿಸಿ, ತೀರ್ಪುಗಳನ್ನು ಪರೀಕ್ಷಿಸಿ ನೋಡುವುದೇ ಸರಿಯಾದ ಮಾರ್ಗ.

ಇನ್ನು ನಮ್ಮವರೇ ಬರೆದವುಗಳಿಗೆ ಬರೋಣ. ಹೊಸಕೋಟೆಗೆ ದೂರವಲ್ಲದ, ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ ೧೮೯೯ರಲ್ಲಿ ಹುಟ್ಟಿದ ವಿ. ಸೀತಾರಾಮಯ್ಯನವರು ೧೯೨೮ರಲ್ಲಿ “ಪಂಪಾಯಾತ್ರೆ” ಎಂಬ ಪುಸ್ತಕವನ್ನು ಪ್ರಕಟಿಸಿದರು. ಹಂಪೆಯ ಯಾತ್ರೆಯನ್ನು ಕುರಿತ ಈ ಚಿಕ್ಕ ಪುಸ್ತಕವು ಹೊಸಗನ್ನಡದ ಪ್ರವಾಸಸಾಹಿತ್ಯಕ್ಕೆ ಆರಂಭದ ಮೇಲ್ಪಂಕ್ತಿಯಾಯಿತು. ಮೊದಲು ಪಾಯೆಸನು ಕಂಡ ತುಂಬಿದ ನಗರವನ್ನು ಓದಿ, ೧೫೬೫ರ ಯುದ್ಧದಲ್ಲಿ ಆ ನಗರವು ಹಾಳಾದುದನ್ನು ಇತಿಹಾಸದಿಂದ ತಿಳಿದು, ಆಮೇಲೆ “ಪಂಪಾಯಾತ್ರೆ”ಯನ್ನು ಓದಬೇಕೆಂದು ನಮ್ಮ ಸೂಚನೆ. ಒಂದೇ ನೆಲವನ್ನು ನಾನ್ನೂರು ವರ್ಷಗಳ ಅಂತರದಲ್ಲಿ ಒಬ್ಬ ಪರದೇಶಿಯೂ ಒಬ್ಬ ಕನ್ನಡಿಗನೂ ನೋಡಿದ ಬಗೆಯು ಒಟ್ಟಿಗೆ ಕಾಣುತ್ತದೆ. ದೊಡ್ಡ ಪ್ರವಾಸಗ್ರಂಥವನ್ನು ಬರೆಯಲು ಸಮುದ್ರವನ್ನು ದಾಟಲೇಬೇಕೆಂಬ ಭ್ರಮೆಯೂ ಹೋಗುತ್ತದೆ. ಪಿಲ್ಲಗುಂಪೆಯ ಮಕ್ಕಳಿಗೆ, ನೆರೆಯ ತಾಲ್ಲೂಕಿನ ಊರಿನವರೊಬ್ಬರು ಇದನ್ನು ಬರೆದರೆಂದು ಹೇಳುವುದನ್ನು ಮರೆಯಬಾರದು.

ಸಮುದ್ರವನ್ನು ದಾಟಿದವರಲ್ಲಿ ಶಿವರಾಮ ಕಾರಂತರ “ಅಪೂರ್ವ ಪಶ್ಚಿಮ” (೧೯೫೩) ಯೂರೋಪನ್ನು ಕುರಿತದ್ದು. ಬೆರಗಾಗುವುದಕ್ಕೂ ಮರುಳಾಗುವುದಕ್ಕೂ ವ್ಯತ್ಯಾಸವುಂಟೆಂದು ತಿಳಿಯಲು ಅವರ ಸ್ವತಂತ್ರವಾದ ಬುದ್ಧಿಯು ಸಹಾಯವಾಗುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ “ಅಮೆರಿಕದಲ್ಲಿ ಗೊರೂರು” (೧೯೭೯) ಎಂಬ ಪುಸ್ತಕಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಹೇಮಾವತಿಯ ದಡದ ತಮ್ಮ ಊರಿನ ಜನರನ್ನು ಪ್ರೀತಿಯಿಂದ ಚಿತ್ರಿಸಿ ಹೆಸರಾದ ಅವರು ಮುಪ್ಪಿನಲ್ಲಿ ಅಮೆರಿಕವನ್ನು ಕಂಡರು. ತನ್ನ ಊರನ್ನು ನೋಡಬಲ್ಲವನೇ ಪರರ ಊರನ್ನೂ ನೋಡಬಲ್ಲನೆಂಬುದಕ್ಕೆ ಇದು ನಿದರ್ಶನ. ಮನೆಯ ವೃದ್ಧರಿಗೆ ಓದಿ ಹೇಳಲು ಇದಕ್ಕಿಂತ ಹಿತವಾದುದು ವಿರಳ. ಎ. ಎನ್. ಮೂರ್ತಿರಾಯರ “ಅಪರವಯಸ್ಕನ ಅಮೆರಿಕಾ ಯಾತ್ರೆ”ಯನ್ನು ಇದರ ಜೊತೆಗೆ ಇಟ್ಟು ಓದಬಹುದು. ಹೆಂಗಸರಿಗೆ ದೂರದ ಪ್ರಯಾಣವು ಆಗದ ಮಾತೆಂದು ತಿಳಿದಿರುವ ಮನೆಗಳಲ್ಲಿ ನೇಮಿಚಂದ್ರರ “ಪೆರುವಿನ ಪವಿತ್ರ ಕಣಿವೆಯಲ್ಲಿ” ಎಂಬುದನ್ನು ಅವಶ್ಯವಾಗಿ ಓದಬೇಕು. ದಕ್ಷಿಣ ಅಮೆರಿಕದ ಆ ದೂರದೇಶವನ್ನು ಅವರು ಸ್ವಂತ ಧೈರ್ಯದಿಂದ ನೋಡಿ ಬಂದವರು.

ಬೆಳೆಯುವ ಮಕ್ಕಳಿಗೆ ಎರಡು ಪುಸ್ತಕಗಳನ್ನು ಹೇಳುತ್ತೇವೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡುಗಳಲ್ಲಿ ಅಲೆದುದನ್ನು “ಹಸುರು ಹೊನ್ನು” ಎಂಬುದರಲ್ಲಿ ಬರೆದಿದ್ದಾರೆ. ಸ್ವಂತ ಕೈಯಿಂದಲೇ ಗಿಡಗಳ ಚಿತ್ರಗಳನ್ನು ಬರೆದು ಸೇರಿಸಿದ್ದಾರೆ. ಅದನ್ನು ಓದಿದ ಮಗುವು ಬೇಲಿಯ ಗಿಡವನ್ನೂ ಹೆಸರು ಕೇಳದೆ ಬಿಡುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ “ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್” ಎಂಬುದರಲ್ಲಿ ಎರಡು ಭಾಗಗಳಿವೆ. ಒಂದು ಅವರೇ ಹೋಗಿ ಕಂಡ ಅಂಡಮಾನಿನ ದ್ವೀಪಗಳ ವೃತ್ತಾಂತ. ಇನ್ನೊಂದು ನೈಲ್ ನದಿಯ ಮೂಲವನ್ನು ಹುಡುಕುತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಟನ್, ಸ್ಪೀಕ್ ಮುಂತಾದವರು ಪಟ್ಟ ಪಾಡಿನ ಕಥೆ. ಹೋಗಿ ಕಂಡದ್ದನ್ನೂ ಓದಿ ತಿಳಿದದ್ದನ್ನೂ ಒಂದೇ ಉತ್ಸಾಹದಿಂದ ಹೇಳಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮನೆ ಬಿಟ್ಟು ಹೊರಡಲಾರದವರಿಗೆ ಇದರಲ್ಲಿ ಸಮಾಧಾನವಿದೆ.

ಹಿಂದಿನ ಮನೆಯ ಹುಡುಗನ ಊರು ಎಂಥದು ಎಂಬ ಪ್ರಶ್ನೆಗೆ ನೇರವಾಗಿ ಸಮೀಪಿಸುವ ಪುಸ್ತಕಗಳು ಕೃಷ್ಣಾನಂದ ಕಾಮತರವು. ಹೊನ್ನಾವರದವರಾದ ಇವರು ವಿಜ್ಞಾನಿಗಳು, ಛಾಯಾಚಿತ್ರಕಾರರು. “ನಾನೂ ಅಮೇರಿಕೆಗೆ ಹೋಗಿದ್ದೆ” ಎಂಬ ಪುಸ್ತಕದಿಂದ ಪ್ರಸಿದ್ಧರಾದ ಅವರು “ವಂಗದರ್ಶನ”ದಲ್ಲಿ ಬಂಗಾಳವನ್ನೂ “ಬಸ್ತರ ಪ್ರವಾಸ”ದಲ್ಲಿ ಮಧ್ಯಭಾರತದ ಬುಡಕಟ್ಟಿನ ಜನರ ನಾಡನ್ನೂ ಕನ್ನಡಿಗರಿಗೆ ಪರಿಚಯ ಮಾಡಿಕೊಟ್ಟರು. ಅಮೆರಿಕವನ್ನು ಕುರಿತು ಬರೆದ ಕನ್ನಡಿಗರು ಬಹಳ. ಭಾರತದ ಈ ಭಾಗಗಳನ್ನು ಇಷ್ಟು ಆಸ್ಥೆಯಿಂದ ನೋಡಿ ಬರೆದವರು ಕಡಮೆ. ಇವು ಬರೆದು ಕೆಲವು ದಶಕಗಳೇ ಸಂದಿರುವುದರಿಂದ ಅಲ್ಲಿನ ಸ್ಥಿತಿಗತಿಗಳು ಬದಲಾಗಿವೆಯೆಂಬುದನ್ನು ನೆನಪಿಡಬೇಕು. ಬದಲಾದುದು ಯಾವುದು, ಬದಲಾಗದುದು ಯಾವುದು ಎಂದು ಹೇಳಬಲ್ಲವರು ಹಿಂದಿನ ಮನೆಯಲ್ಲಿಯೇ ಇದ್ದಾರೆ.

ಇವೆಲ್ಲವನ್ನೂ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿಯೂ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿಯೂ ವಿಚಾರಿಸಿ, ಇಲ್ಲದಿದ್ದರೆ ತರಿಸಬೇಕೆಂದು ಬರೆದು ಕೊಡಬೇಕು. ಕೇಳುವವರಿದ್ದರೆ ಪುಸ್ತಕವು ಬರುತ್ತದೆ. ರಾತ್ರಿಯ ಊಟವಾದ ಮೇಲೆ ಅರ್ಧ ಗಂಟೆ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಹಾಸಿಗೆ ಹಿಡಿದ ವೃದ್ಧರಿದ್ದರೆ ಅವರ ಕೋಣೆಯಲ್ಲಿಯೇ ಓದಬೇಕು. ಅವರಿಗೂ ಹೊತ್ತು ಹೋಗುತ್ತದೆ, ಅವರು ಕಂಡ ಯಾತ್ರೆಗಳ ನೆನಪೂ ಹೊರಗೆ ಬರುತ್ತದೆ. ಗೋಡೆಗೆ ಒಂದು ಭೂಪಟವನ್ನು ತೂಗುಹಾಕಿ, ಓದಿದ ಊರಿಗೆಲ್ಲ ಮಕ್ಕಳ ಕೈಯಿಂದ ಗುರುತು ಹಾಕಿಸಬೇಕು. ಆ ಗುರುತುಗಳಲ್ಲಿ ಹಿಂದಿನ ಮನೆಯವರ ಊರೂ ಒಂದಾಗಿರಲಿ. ಗುರುತು ಹಾಕಬೇಕಾದರೆ ಊರಿನ ಹೆಸರನ್ನೂ ಜಿಲ್ಲೆಯ ಹೆಸರನ್ನೂ ಕೇಳಿಕೊಂಡು ಬರಬೇಕಷ್ಟೆ. ಹುಡುಗನನ್ನೇ ಕಳುಹಿಸಬೇಕು. ಅಲ್ಲಿ ಯಾವ ನದಿ ಹರಿಯುತ್ತದೆ, ಗದ್ದೆಯಲ್ಲಿ ಏನು ಬೆಳೆಯುತ್ತಾರೆ, ಇಲ್ಲಿಗೆ ಬರಲು ಎಷ್ಟು ದಿನ ರೈಲಿನಲ್ಲಿ ಕುಳಿತಿರಿ ಎಂದು ಅವನೇ ಕೇಳಿ ಬರಲಿ. ಅವರು ನಮ್ಮ ರಾಗಿಮುದ್ದೆಯನ್ನು ಮೊದಲ ಸಲ ಕಂಡಾಗ ಏನೆಂದುಕೊಂಡರೆಂದೂ ಕೇಳಲಿ. ಆ ಉತ್ತರಕ್ಕೆ ಎರಡು ಮನೆಯವರೂ ಕೂಡಿ ನಕ್ಕರೆ ಅದು ಅಣಕವಾಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಪಿಲ್ಲಗುಂಪೆಯಲ್ಲಿ ಯಾವ ಹೊಲದಲ್ಲಿ ಯಾವ ಬೆಳೆ ಇತ್ತು, ಕೆರೆಯ ನೀರು ಎಲ್ಲಿಗೆ ಹರಿಯುತ್ತಿತ್ತು, ಸಂತೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಕಾರ್ಖಾನೆಯ ಗೋಡೆಗಳು ಎದ್ದ ಮೇಲೆ ಹುಟ್ಟಿದ ಮಕ್ಕಳಿಗೆ ಆ ಊರು ಪೆರುವಿನಷ್ಟೇ ದೂರ. ಬುಕಾನನ್ನನು ಪರದೇಶಿಯಾಗಿದ್ದು ಕೇಳಿ ಬರೆದುದರಿಂದ ಇನ್ನೂರು ವರ್ಷಗಳ ಹಿಂದಿನ ಬಿತ್ತನೆಯ ಕ್ರಮವು ನಮಗೆ ತಿಳಿಯಿತು. ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು, ಇಪ್ಪತ್ತು ರೂಪಾಯಿಯ ನೋಟುಬುಕ್ಕಿನಲ್ಲಿ ಮನೆಯ ಹುಡುಗನು ಇಷ್ಟನ್ನು ಕೇಳಿ ಬರೆದಿಟ್ಟರೆ, ಅದೂ ಒಂದು ಪ್ರವಾಸಗ್ರಂಥವೇ. ಬರೆಯಿಸುವ ಹಿರಿಯರು ಇರುವಾಗಲೇ ಆ ಕೆಲಸವನ್ನು ಆರಂಭಿಸಬೇಕೆಂದು ನಮ್ಮ ವಾಚಕರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ.